ಗೇರು ಫ್ಯಾಕ್ಟರಿಗೂ ಸುಸ್ಥಿರತೆಯ ವರದಿ ಕಡ್ಡಾಯ ಆಗಬೇಕಾ?

ಷೇರು ಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಪ್ರತಿ ವರ್ಷ ಸುಸ್ಥಿರತೆಯ ವರದಿ ಕೊಡಬೇಕು. ಅದಕ್ಕೆ ಬಿಆರ್‌ಎಸ್‌ಆರ್ ಅಂತ ಹೆಸರು. ಷೇರು ಪೇಟೆಯನ್ನು ನಿಯಂತ್ರಿಸುವ ಸಂಸ್ಥೆ ಸೆಬಿ 2021ರಲ್ಲಿ ಇದರ ನಮೂನೆ ಹೊರಡಿಸಿತು. ಎಷ್ಟು ನೀರು ಬಳಸಿದಿರಿ, ಎಷ್ಟು ಇಂಗಾಲ ಬಿಟ್ಟಿರಿ, ಕೆಲಸದಲ್ಲಿ ಎಷ್ಟು ಜನರಿಗೆ ಪೆಟ್ಟಾಯಿತು, ಆಡಳಿತ ಮಂಡಳಿಯಲ್ಲಿ ಹೆಂಗಸರು ಎಷ್ಟು, ಎಲ್ಲದಕ್ಕೂ ಅದರಲ್ಲಿ ಜಾಗ ಇದೆ. 2023ರಲ್ಲಿ ಸೆಬಿ ಇನ್ನೊಂದು ಮಾತು ಸೇರಿಸಿತು: ಮೊದಲ 250 ಕಂಪನಿಗಳು ತಮಗೆ ಮಾಲು ಕೊಡುವ ಮುಖ್ಯ ಪೂರೈಕೆದಾರರ ಲೆಕ್ಕವನ್ನೂ ಕೊಡಬೇಕು. ಉದ್ಯಮದವರು ಕಷ್ಟ ಎಂದ ಮೇಲೆ ಅದು ಸದ್ಯಕ್ಕೆ ಐಚ್ಛಿಕ ಎಂಬಲ್ಲಿಗೆ ಬಂದು ನಿಂತಿದೆ.

ಮಂಗಳೂರು-ಉಡುಪಿಯಲ್ಲಿ ಅಂಥ ದೊಡ್ಡ ಕಂಪನಿಗಳು ಬೆರಳೆಣಿಕೆ. ಉಳಿದದ್ದು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಕಾರ್ಕಳ ಕಡೆಯ ಗೇರು ಫ್ಯಾಕ್ಟರಿಗಳು, ಮಲ್ಪೆಯ ಐಸ್ ಪ್ಲಾಂಟು, ಉಳ್ಳಾಲದ ಫಿಶ್‌ಮೀಲ್ (ಮೀನಿನ ಹುಡಿ) ಘಟಕಗಳು. ಇವರಿಗೂ ವರದಿ ಕಡ್ಡಾಯ ಆಗಬೇಕಾ? ಪರ ಬರೆದವರು ಇಲ್ಲಿನ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಾರೆ. ವಿರೋಧ ಬರೆದವರು ಗೇರು ಫ್ಯಾಕ್ಟರಿಯ ಲೆಕ್ಕ ನೋಡುತ್ತಾರೆ. ಇಬ್ಬರೂ ಓದಿದ್ದು ಹೆಚ್ಚುಕಡಿಮೆ ಅದೇ ಸಂಶೋಧನೆಗಳನ್ನು. ಮಜಾ ಇರುವುದು ಅಲ್ಲೇ.

ಪರ: ಅಂದಾಜಿನ ಮೇಲೆ ಎಷ್ಟು ದಿನ?

2016ರ ಬೇಸಿಗೆ ನೆನಪಿದೆಯಾ? ನೇತ್ರಾವತಿ ಬತ್ತಿತ್ತು. ತುಂಬೆ ಡ್ಯಾಮಿನಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದೇ ಊರಿನ ಮಾತಾಗಿತ್ತು. ನೀರಿಲ್ಲದೆ ಇಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ಆ ಕಂಪನಿ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಕಟ್ಟಿತು. ಪರಿಸರದ ಮೇಲಿನ ಪ್ರೀತಿಯಿಂದಲೇ ಕಟ್ಟಿತು ಅಂತ ನಾನು ಹೇಳುವುದಿಲ್ಲ. ಒಂದು ದಿನ ನೀರು ನಿಂತರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಬಲ್ಲ ಜನ ಅಂಥ ಕಂಪನಿಯಲ್ಲಿ ಇರುತ್ತಾರೆ. ಬೇಸಿಗೆ ಬಂದರೆ ಊರಿನ ಹೋಟೆಲು, ಲಾಂಡ್ರಿ, ಐಸ್ ಪ್ಲಾಂಟುಗಳೂ ಟ್ಯಾಂಕರಿನ ಹಿಂದೆ ಓಡುತ್ತವೆ. ಟ್ಯಾಂಕರಿಗೆ ಕೊಟ್ಟ ದುಡ್ಡು ಅವರ ಪುಸ್ತಕದಲ್ಲಿ ಇರಬಹುದು. ಒಂದು ಟನ್ ಐಸಿಗೆ ಎಷ್ಟು ಲೀಟರ್ ಹೋಯಿತು ಅಂತ ಕೇಳಿ ನೋಡಿ. "ಅಂದಾಜು ಇಷ್ಟು" ಅನ್ನುತ್ತಾರೆ.

ಈ ಅಂದಾಜಿನ ಮೇಲೆಯೇ ನನ್ನ ತಕರಾರು.

ಉದ್ಯಮದ ಜವಾಬ್ದಾರಿ ಲಾಭ ಮಾಡುವುದು ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1970ರಲ್ಲಿ ಬರೆದರು. ಕಾರ್ಮಿಕರು, ಗಿರಾಕಿಗಳು, ಊರಿನವರು ಎಲ್ಲರೂ ಲೆಕ್ಕಕ್ಕೆ ಬರಬೇಕು ಅಂತ ಎಡ್ವರ್ಡ್ ಫ್ರೀಮನ್ 1984ರಲ್ಲಿ ವಾದಿಸಿದರು. ನಮ್ಮ ಎಂಬಿಎ ತರಗತಿಗಳಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಅದರಲ್ಲಿ ರುಚಿ ಹೋಗಿದೆ. ಈಗಿನ ಸಂಶೋಧಕರು ಕೇಳುವ ಪ್ರಶ್ನೆ ಇನ್ನೂ ಸಣ್ಣದು, ಆದರೆ ಹರಿತ. ಅಳೆಯಲೇಬೇಕು, ತೋರಿಸಲೇಬೇಕು ಅಂತ ಹೇಳಿದರೆ ಏನಾದರೂ ಬದಲಾಗುತ್ತದಾ?

ಬದಲಾಗುತ್ತದೆ. 2013ರಲ್ಲಿ ಬ್ರಿಟನ್ ತನ್ನ ಷೇರು ಪೇಟೆಯ ಕಂಪನಿಗಳಿಗೆ ಇಂಗಾಲದ ಲೆಕ್ಕವನ್ನು ವಾರ್ಷಿಕ ವರದಿಯಲ್ಲೇ ಹಾಕಿ ಎಂದಿತು. ಅಂಥ ನಿಯಮ ಇಲ್ಲದ ಯುರೋಪಿನ ಕಂಪನಿಗಳ ಜೊತೆ ಹೋಲಿಸಿ ನೋಡಿದ ಅಧ್ಯಯನವೊಂದು 2021ರಲ್ಲಿ ಬಂತು. ಬ್ರಿಟನ್ನಿನ ಕಂಪನಿಗಳ ಇಂಗಾಲ ಸುಮಾರು 8% ಇಳಿದಿತ್ತು. ಲಾಭದ ಪ್ರಮಾಣಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ.

ಬ್ರಿಟನ್ ದೂರ ಆಯಿತು ಅನ್ನುವವರಿಗೆ ಗುಜರಾತ್ ಇದೆ. ಅಲ್ಲಿ ಮಾಲಿನ್ಯ ಜಾಸ್ತಿ ಇರುವ ಫ್ಯಾಕ್ಟರಿಗಳು ಹೊರಗಿನ ಆಡಿಟರನ್ನು ಕರೆಸಿ ಹೊಗೆ, ಕೊಳಕು ನೀರು ಅಳೆಸಬೇಕು. ಆಡಿಟರನ್ನು ಆರಿಸುವುದೂ ಫ್ಯಾಕ್ಟರಿ, ಹಣ ಕೊಡುವುದೂ ಫ್ಯಾಕ್ಟರಿ. ಹಾಗಾಗಿ ವರದಿಯಲ್ಲಿ ಬರುವ ಅಂಕಿ ಯಾವಾಗಲೂ ಮಿತಿಗಿಂತ ಒಂದು ಕೂದಲೆಳೆ ಕೆಳಗೆ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಈ ಪದ್ಧತಿಯನ್ನೇ ತಿರುಗಿಸಿದರು. 473 ಫ್ಯಾಕ್ಟರಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಡಿಟರನ್ನು ಚೀಟಿ ಎತ್ತಿದ ಹಾಗೆ ನೇಮಿಸಿದರು. ಶುಲ್ಕ ನಿಗದಿ ಮಾಡಿ ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು. ಕೆಲವು ಅಳತೆಗಳನ್ನು ಇನ್ನೊಬ್ಬರ ಕೈಯಲ್ಲಿ ಮತ್ತೆ ತೆಗೆಸಿ ತಾಳೆ ನೋಡಿದರು. ಮಿತಿ ಮೀರಿದ್ದನ್ನು "ಸರಿ ಇದೆ" ಅಂತ ಸುಳ್ಳು ಬರೆಯುವುದು 80% ಕಡಿಮೆ ಆಯಿತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಫ್ಯಾಕ್ಟರಿಗಳು ನಿಜವಾಗಿಯೂ ಮಾಲಿನ್ಯ ಇಳಿಸಿದವು. 2013ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಮ್ಮ ಕರಾವಳಿಯ ಉದ್ಯಮಿಗಳ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಯಾಕೆ ಅಂತ ಊಹಿಸುವುದು ಕಷ್ಟ ಅಲ್ಲ.

ಅಳೆಯುವುದರಿಂದ ಮಾಲೀಕರಿಗೂ ಲಾಭ ಇದೆ. ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಮುಂಬೈ ಹತ್ತಿರದ ಬಟ್ಟೆ ಮಿಲ್ಲುಗಳಿಗೆ ಪುಕ್ಕಟೆ ಸಲಹೆಗಾರರನ್ನು ಕಳಿಸಿದರು. ಅವರು ಕಲಿಸಿದ್ದು ತೀರಾ ಸಾದಾ ಕೆಲಸ. ಮಗ್ಗ ಎಷ್ಟು ಹೊತ್ತು ನಿಂತಿತು ಬರೆದಿಡಿ, ನೂಲಿನ ಸ್ಟಾಕ್ ಬರೆದಿಡಿ, ಬಟ್ಟೆಯಲ್ಲಿ ದೋಷ ಎಲ್ಲಿ ಬಂತು ಬರೆದಿಡಿ. ಮೊದಲ ವರ್ಷವೇ ಉತ್ಪಾದಕತೆ 17% ಏರಿತು. ಮೊದಲೇ ಯಾಕೆ ಮಾಡಲಿಲ್ಲ? ನಮಗೆ ಇದೆಲ್ಲ ಬೇಕಾಗಿಲ್ಲ ಅಂತ ಮಾಲೀಕರು ನಂಬಿದ್ದರು. ಬೈಕಂಪಾಡಿಯಲ್ಲಿ ಕೇಳಿದರೂ ಇದೇ ಮಾತು ಬರುತ್ತದೆ.

ಸರಿ, ಇಷ್ಟ ಇದ್ದವರು ಮಾಡಲಿ, ಕಡ್ಡಾಯ ಯಾಕೆ? ಮೀನುಗಾರಿಕೆ ರಜೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಇದು ಇಷ್ಟ ಇದ್ದವರಿಗೆ ಮಾತ್ರ ಅಂತ ಇದ್ದಿದ್ದರೆ ಮಲ್ಪೆಯಲ್ಲಿ ಎಷ್ಟು ಬೋಟು ಲಂಗರು ಹಾಕುತ್ತಿತ್ತು? ಒಳ್ಳೆಯದು ಮಾಡಿದವನು ಮೀನು ಕಳೆದುಕೊಂಡು, ಮಾಡದವನು ಬಾಚಿಕೊಳ್ಳುತ್ತಿದ್ದ. ಎಲ್ಲರಿಗೂ ಒಂದೇ ದಿನ ಬಾಗಿಲು ಹಾಕಿದ್ದಕ್ಕೇ ಅದು ನಡೆಯುತ್ತಿದೆ.

ನಾವು ಲೆಕ್ಕ ಇಡದಿದ್ದರೆ ಬೇರೆಯವರು ನಮ್ಮ ಲೆಕ್ಕ ಹಾಕುತ್ತಾರೆ, ಅದೂ ಒಟ್ಟಾರೆಯಾಗಿ. ಕಡಲಾಮೆ ತಪ್ಪಿಸಿಕೊಂಡು ಹೋಗುವ ಸಾಧನ ಬಲೆಯಲ್ಲಿ ಇಲ್ಲ ಅಂತ ಅಮೆರಿಕ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯನ್ನೇ ಬೇಡ ಎಂದಿತು. ಒಬ್ಬೊಬ್ಬ ಬೋಟಿನವರ ಒಳ್ಳೆಯತನ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಪಣಂಬೂರಿನ ಬಂದರಿನಿಂದ ಹೊರಡುವ ಕಾಫಿಗೂ ಯುರೋಪ್ ಈಗ ತೋಟದ ನಕ್ಷೆ ಕೇಳುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಬೇಕಂತೆ.

ಪರಿಸರ, ಸಮಾಜ, ಆಡಳಿತದ ವಿಷಯದಲ್ಲಿ ಕಂಪನಿಗಳಿಗೆ ಅಂಕ ಕೊಡುವ ಇಎಸ್‌ಜಿ ರೇಟಿಂಗ್ ಎಲ್ಲ ಬೊಗಳೆ ಅಂತ ವಿರೋಧದವರು ಹೇಳಬಹುದು. ಆರು ರೇಟಿಂಗ್ ಸಂಸ್ಥೆಗಳ ಅಂಕಗಳನ್ನು ಬರ್ಗ್, ಕೋಲ್ಬೆಲ್, ರಿಗೊಬಾನ್ 2022ರಲ್ಲಿ ಹೋಲಿಸಿದರು. ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ, ನಿಜ. ಆದರೆ ಆ ಜಗಳದ 56% ಪಾಲು ಬಂದದ್ದು ಒಂದೇ ವಿಷಯವನ್ನು ಒಬ್ಬೊಬ್ಬರು ಒಂದೊಂದು ರೀತಿ ಅಳೆದದ್ದರಿಂದ. ಹಾಗಾದರೆ ಅಳತೆ ಒಂದೇ ಮಾಡಿ ಅಂತ ತಾನೇ ಅರ್ಥ?

ನಾನು ಕೇಳುವುದು ದೊಡ್ಡ ಕಂಪನಿಯ ನಮೂನೆ ಅಲ್ಲ. ಗೇರಿಗೆ ಒಂದು ಪುಟ, ಐಸ್ ಪ್ಲಾಂಟಿಗೆ ಒಂದು ಪುಟ, ಹಂಚಿನ ಕಾರ್ಖಾನೆಗೆ ಒಂದು ಪುಟ. ನೀರು, ಕರೆಂಟು, ಸೌದೆ, ಕಸ, ಪೆಟ್ಟು, ಕೂಲಿ. ಸಣ್ಣವರ ಲೆಕ್ಕ ಇಡುವುದು ಗಿಟ್ಟುವುದಿಲ್ಲ ಅನ್ನುವವರು ಪಿಗ್ಮಿಯನ್ನು ನೆನಪಿಸಿಕೊಳ್ಳಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲೇ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿ ಬರೆದುಕೊಂಡಿತು. ಕಂಪ್ಯೂಟರೇ ಇಲ್ಲದ ಕಾಲದಲ್ಲಿ.

ವಿರೋಧ: ನಮೂನೆ ಕೆಳಗೆ ಇಳಿಯುತ್ತದೆ, ದುಡ್ಡು ಇಳಿಯುವುದಿಲ್ಲ

ಮೇಷ್ಟ್ರು ಪಿಗ್ಮಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. ಮನೆ ಬಾಗಿಲಿಗೆ ಬಂದ ಪಿಗ್ಮಿ ಏಜೆಂಟರಿಗೆ ಕಮಿಷನ್ ಕೊಟ್ಟದ್ದು ಯಾರು? ಬ್ಯಾಂಕು. ಎರಡಾಣೆ ಕಟ್ಟಿದ ಅಂಗಡಿಯವರಲ್ಲ. ನನ್ನ ವಾದದ ಅರ್ಧ ಇಲ್ಲೇ ಇದೆ.

ಉಳಿದ ಅರ್ಧಕ್ಕೆ ಒಂದು ಗೇರು ಫ್ಯಾಕ್ಟರಿಯ ಆಫೀಸಿನ ಕಪಾಟು ತೆಗೆದು ತೋರಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ಬಾಯ್ಲರ್ ತಪಾಸಣೆ, ಫ್ಯಾಕ್ಟರಿ ಲೈಸೆನ್ಸ್, ಆಹಾರ ಸುರಕ್ಷತೆಯ ಲೈಸೆನ್ಸ್, ಪಿಎಫ್, ಇಎಸ್‌ಐ, ಜಿಎಸ್‌ಟಿ, ತಕ್ಕಡಿಯ ಸೀಲು. ಇದರಲ್ಲಿ ಪರಿಸರ ಇದೆ, ಕಾರ್ಮಿಕರೂ ಇದ್ದಾರೆ. ಅಂದಾಜಿನ ಮೇಲೆ ನಡೆಯುತ್ತೇವೆ ಅಂತ ಮೇಷ್ಟ್ರು ಹೇಳುವಾಗ ನಗು ಬರುತ್ತದೆ. ಇಷ್ಟೆಲ್ಲ ಕಾಗದ ತುಂಬಿಸಿ ಕೊಟ್ಟದ್ದು ಸರ್ಕಾರದ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಬಿದ್ದಿದೆ. ಅದನ್ನು ಒಟ್ಟು ಮಾಡಿ ಓದುವವರಿಲ್ಲ. ಮತ್ತೊಂದು ಪುಟ ಯಾಕೆ?

ಗೇರಿನ ಕೆಲಸ ಹೇಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೀಜ ನಮ್ಮ ಊರಿನದ್ದು ಸಾಕಾಗುವುದಿಲ್ಲ. ಐವರಿ ಕೋಸ್ಟ್, ತಾಂಜಾನಿಯಾ, ಬೆನಿನ್ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಅದನ್ನು ಹಬೆಯಲ್ಲಿ ಬೇಯಿಸಬೇಕು, ಒಡೆಯಬೇಕು, ಬೋರ್ಮಾ ಅನ್ನುವ ಬಿಸಿ ಗೂಡಿನಲ್ಲಿ ಒಣಗಿಸಬೇಕು, ಸಿಪ್ಪೆ ಸುಲಿಯಬೇಕು, ಆಮೇಲೆ ಗಾತ್ರ-ಬಣ್ಣ ನೋಡಿ ಬೇರೆ ಮಾಡಬೇಕು. ಹಬೆಗೆ ಬಾಯ್ಲರ್, ಬಾಯ್ಲರಿಗೆ ಸೌದೆ ಇಲ್ಲವೇ ಗೇರಿನದ್ದೇ ಸಿಪ್ಪೆ. ಸಿಪ್ಪೆಯಲ್ಲಿ ಎಣ್ಣೆ ಇರುತ್ತದೆ. ಸರಿಯಾಗಿ ಉರಿಯದಿದ್ದರೆ ಹೊಗೆ ಕಣ್ಣು-ಮೂಗಿಗೆ ಹತ್ತುತ್ತದೆ. ಪಕ್ಕದ ಮನೆಯವರು ಜಗಳಕ್ಕೆ ಬರುವುದು ಇದಕ್ಕೇ, ಬರುವುದೂ ಸರಿಯೇ.

ಈಗ ಇಂಗಾಲದ ವರದಿಗೆ ಬನ್ನಿ. ಲೋಕವೆಲ್ಲ ಬಳಸುವ ಲೆಕ್ಕದ ಪದ್ಧತಿಯಲ್ಲಿ ಮರ, ಸಿಪ್ಪೆಯಂಥ ಬೆಳೆದ ವಸ್ತು ಸುಟ್ಟು ಬಂದ ಇಂಗಾಲದ ಡೈಆಕ್ಸೈಡನ್ನು ಮುಖ್ಯ ಲೆಕ್ಕದಿಂದ ಹೊರಗೆ, ಪ್ರತ್ಯೇಕವಾಗಿ ತೋರಿಸುತ್ತಾರೆ. ಹಾಗಾಗಿ ಹೊಗೆ ಉಗುಳುವ ಬಾಯ್ಲರ್ ಆ ಕಾಗದದಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೆರೆಯವರ ಕಷ್ಟ ನೋಡಿ ನಾವು ಗ್ಯಾಸಿಗೆ ಬದಲಾಯಿಸಿದೆವು ಅಂತ ಇಟ್ಟುಕೊಳ್ಳಿ. ಹೊಗೆ ನಿಲ್ಲುತ್ತದೆ. ಆದರೆ ವರದಿಯಲ್ಲಿ ನಮ್ಮ ಇಂಗಾಲ ಒಮ್ಮೆಲೇ ಏರುತ್ತದೆ! ಮುಂಬೈಯಲ್ಲಿ ಕೂತು ಅಂಕಿ ನೋಡುವವರಿಗೆ ನಾವು ಕೆಟ್ಟವರಾಗುತ್ತೇವೆ. ಹೀಗೆ ಆಗುವುದು ಹವಾಮಾನದ ಲೆಕ್ಕ ತಪ್ಪು ಅಂತ ಅಲ್ಲ. ಆ ಲೆಕ್ಕ ಹುಟ್ಟಿದ್ದು ಬೇರೆ ಸಮಸ್ಯೆಗೆ. ನಮ್ಮ ಊರಿನ ಸಮಸ್ಯೆ ಮೂಗಿನ ಹತ್ತಿರ ಇದೆ.

ಕೆಲಸದವರ ವಿಷಯವೂ ಹಾಗೇ. ಗೇರಿನಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ದೊಡ್ಡ ನಮೂನೆ ಕೇಳುವುದು ಕೆಲಸಕ್ಕೆ ಬರಲಾಗದಂಥ ಪೆಟ್ಟು ಎಷ್ಟಾಯಿತು ಅಂತ. ದಿನವಿಡೀ ಕೂತು ಸೊಂಟ ಹಿಡಿದುಕೊಂಡವರು, ಎಣ್ಣೆ ತಾಗಿ ಬೆರಳು ಕಪ್ಪಾದವರು ಮರುದಿನವೂ ಬರುತ್ತಾರೆ. ಕಿಲೋ ಲೆಕ್ಕದ ಕೂಲಿ, ಬರದೆ ಇದ್ದರೆ ಆಗುವುದಿಲ್ಲ. ವರದಿಯಲ್ಲಿ ಸೊನ್ನೆ ಬರುತ್ತದೆ. ಮ್ಯಾನೇಜರ್ ಬೀಗುತ್ತಾರೆ.

ಸಂಶೋಧನೆ ನಾವೂ ಸ್ವಲ್ಪ ಓದುತ್ತೇವೆ ಮಾರಾಯ್ರೆ. 2016ರಲ್ಲಿ ಖಾನ್, ಸೆರಾಫೀಮ್, ಯೂನ್ ಅಮೆರಿಕದ ಕಂಪನಿಗಳ ಬಗ್ಗೆ ಬರೆದದ್ದು ನನಗೆ ಬಹಳ ಹಿಡಿಸಿತು. ತಮ್ಮ ಧಂದೆಗೆ ನಿಜವಾಗಿ ಮುಖ್ಯವಾದ ಪರಿಸರ, ಸಮಾಜದ ವಿಷಯಗಳಲ್ಲಿ ಚೆನ್ನಾಗಿ ಮಾಡಿದ ಕಂಪನಿಗಳ ಷೇರು ಮುಂದೆ ಹೋಯಿತು. ಸಂಬಂಧ ಇಲ್ಲದ ವಿಷಯಗಳಲ್ಲಿ ಚೆನ್ನಾಗಿ ಮಾಡಿದವರಿಗೆ ಅಂಥ ಲಾಭ ಕಾಣಲಿಲ್ಲ. ಸ್ಟ್ರಾಟಜಿ ಅಂದರೆ ಯಾವುದು ಬೇಡ ಅಂತ ಬಿಡುವುದು ಅಂತ ಮೇಷ್ಟ್ರೇ ತರಗತಿಯಲ್ಲಿ ಹೇಳುತ್ತಾರಲ್ವಾ? ಕಡ್ಡಾಯದ ನಮೂನೆ ಬಿಡಲು ಬಿಡುವುದಿಲ್ಲ. ಇವತ್ತು ಒಂದು ಪುಟ ಅನ್ನುತ್ತಾರೆ. ಯಾವ ಸರ್ಕಾರಿ ನಮೂನೆ ಒಂದೇ ಪುಟದಲ್ಲಿ ಉಳಿದಿದೆ ಹೇಳಿ ನೋಡುವ.

ಗುಜರಾತಿನ ಅಧ್ಯಯನ ಒಳ್ಳೆಯದು, ಅದರ ಮೇಲೆ ನನಗೆ ಗೌರವ ಇದೆ. ಆದರೆ ಅಲ್ಲಿ ಕಡ್ಡಾಯ ಆಡಿಟ್ ಮೊದಲಿನಿಂದಲೂ ಇತ್ತು. ಕಡ್ಡಾಯ ಮಾಡಿದ್ದರಿಂದ ಸುಳ್ಳು ನಿಂತಿರಲಿಲ್ಲ. ನಿಂತದ್ದು ಹಣ ಬರುವ ದಾರಿ ಬದಲಾದಾಗ, ಅಳತೆಯನ್ನು ಮತ್ತೆ ತಾಳೆ ನೋಡಿದಾಗ. ಮೇಷ್ಟ್ರ ಯೋಜನೆಯಲ್ಲಿ ಆ ನಿಧಿ ಎಲ್ಲಿದೆ? ನಿಧಿ ಇಲ್ಲದ ಕಡ್ಡಾಯ ಅಂದರೆ ಹಳೆಯ ಗುಜರಾತ್ ಆಯಿತು. ಸಲಹೆಗಾರರಿಗೆ ಫೀಸು ಕೊಟ್ಟು, ಹೋದ ವರ್ಷದ ಅಂಕಿಗೆ ಸ್ವಲ್ಪ ಆಚೀಚೆ ಮಾಡಿ, ಸಹಿ ಹಾಕಿ ಕಳಿಸುವುದು. ಮುಂಬೈಯ ಮಿಲ್ಲುಗಳ ಕಥೆಗೂ ಎರಡನೆಯ ಭಾಗ ಉಂಟು. ವರ್ಷಗಳ ಮೇಲೆ ಅದೇ ಸಂಶೋಧಕರು ತಿರುಗಿ ಹೋಗಿ ನೋಡಿದಾಗ ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿತ್ತು. ಮ್ಯಾನೇಜರ್ ಬದಲಾದರು, ಮಾಲೀಕರಿಗೆ ಪುರಸೊತ್ತಿಲ್ಲ. ಉಳಿದ ಅರ್ಧದಿಂದ ಲಾಭ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಸಲಹೆ ಪುಕ್ಕಟೆ ಸಿಕ್ಕಿತ್ತು, ಯಾರೂ ನೋಟಿಸ್ ಕಳಿಸಿರಲಿಲ್ಲ.

ಕಾನೂನು ಮಾಡಿದರೆ ಒಳ್ಳೆಯತನ ಹೆಚ್ಚುತ್ತದೆ ಅಂತ ಗ್ಯಾರಂಟಿಯೂ ಇಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು ಎಂದಿತು. ಧರ್ಮಪಾಲ ಮತ್ತು ಖನ್ನಾ ಅದರ ಫಲ ನೋಡಿದರು. ಕಡಿಮೆ ಕೊಡುತ್ತಿದ್ದವರು ಜಾಸ್ತಿ ಕೊಟ್ಟರು, ಸರಿ. ಆದರೆ ಮೊದಲೇ 2%ಗಿಂತ ಹೆಚ್ಚು ಕೊಡುತ್ತಿದ್ದ ದೊಡ್ಡ ಕಂಪನಿಗಳು ಕೈ ಹಿಂದೆ ಎಳೆದವು. ಕಾನೂನು ಕೇಳಿದಷ್ಟು ಕೊಟ್ಟರೆ ಸಾಕಲ್ಲ! ಮನೆತನದ ಹೆಸರಿಗಾಗಿ ಶಾಲೆಗೆ, ಆಸ್ಪತ್ರೆಗೆ ಕೊಡುವ ಅಭ್ಯಾಸ ನಮ್ಮ ಕರಾವಳಿಯಲ್ಲಿ ಹಳೆಯದು. ಅದನ್ನು ಶೇಕಡಾವಾರು ಮಾಡಿ ಹಾಳು ಮಾಡುವುದು ನನಗೆ ಇಷ್ಟ ಇಲ್ಲ. ಇದು ಸಂಶೋಧನೆ ಅಲ್ಲ, ನನ್ನ ಸ್ವಂತ ಅಭಿಪ್ರಾಯ.

ಯುರೋಪಿನ ಕಾಫಿ ನಿಯಮದ ಹೆದರಿಕೆ ತೋರಿಸಿದರು. ಆ ನಿಯಮದ ಜಾರಿ ಎರಡು ಸಲ ಮುಂದೆ ಹೋಗಿದೆ. ದೊಡ್ಡ ಕಂಪನಿಗಳ ಸುಸ್ಥಿರತಾ ವರದಿಯ ನಿಯಮವನ್ನೂ ಸಡಿಲ ಮಾಡಲು ಯುರೋಪ್ 2025ರ ಫೆಬ್ರವರಿಯಲ್ಲಿ ಹೊರಟಿತು. ಭಾರ ಜಾಸ್ತಿ ಆಯಿತು ಅಂತ ಅವರಿಗೇ ಅನಿಸಿದೆ. ಮೊದಲೇ ಓಡಿ ಸಾಫ್ಟ್‌ವೇರ್ ಕೊಂಡವರ ದುಡ್ಡು ಹೋಯಿತು. ಗೇರಂತೂ ಆ ಕಾಫಿ ನಿಯಮದ ಪಟ್ಟಿಯಲ್ಲೇ ಇಲ್ಲ. ನಮ್ಮ ನಿಜವಾದ ಸ್ಪರ್ಧೆ ಯಂತ್ರ ಹಾಕಿಕೊಂಡು ಮುಂದೆ ಹೋದ ವಿಯೆಟ್ನಾಂ ಜೊತೆ. ಅಲ್ಲಿ ಪೈಸೆ ಪೈಸೆಗೂ ಬೆಲೆ ಇದೆ.

ಮೀನುಗಾರಿಕೆ ರಜೆಯ ಉದಾಹರಣೆಯಲ್ಲಿ ಮೇಷ್ಟ್ರು ಒಂದು ಮಾತು ಬಿಟ್ಟರು. ಆ 61 ದಿನ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ. ಸಣ್ಣವರು ಕಡಲಿಗೆ ಮಾಡುವ ಹಾನಿಯೂ ಸಣ್ಣದು, ನಿಲ್ಲಿಸಿದರೆ ಅವರ ಒಲೆ ಉರಿಯುವುದಿಲ್ಲ ಅಂತ ನಿಯಮ ಮಾಡಿದವರಿಗೆ ಗೊತ್ತಿತ್ತು. ಸಣ್ಣ ಉದ್ಯಮ ಅಂದರೆ ಈಗ 100 ಕೋಟಿ ವಹಿವಾಟಿನವರೆಗೂ ಬರುತ್ತದೆ, 2025ರ ಏಪ್ರಿಲ್‌ನಿಂದ. 90 ಕೋಟಿಯವರನ್ನು ನಾಡದೋಣಿ ಅಂತ ನಾನೂ ಹೇಳುವುದಿಲ್ಲ. ಅವರಿಂದ ಕೇಳಿ. ಎರಡು ಬೋರ್ಮಾ, ಒಂದು ಹಳೆ ಬಾಯ್ಲರ್ ಇಟ್ಟುಕೊಂಡವರನ್ನು ಬಿಡಿ.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ಸಣ್ಣ ಉದ್ಯಮದವರಿಗೆ 45 ದಿನದ ಒಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ತಡ ಮಾಡಿದರೆ ಕೊಳ್ಳುವವರಿಗೆ ಆ ವರ್ಷ ಆ ಖರ್ಚಿನ ತೆರಿಗೆ ಲಾಭ ಸಿಗುವುದಿಲ್ಲ ಅಂತ ಆದಾಯ ತೆರಿಗೆಯಲ್ಲೂ ಸೇರಿಸಿದರು. ಪೂರೈಕೆದಾರರಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತೀರಿ ಅಂತ ಸೆಬಿಯ ನಮೂನೆಯೂ ದೊಡ್ಡ ಕಂಪನಿಗಳನ್ನು ಕೇಳುತ್ತದೆ. ನನ್ನ ಪ್ರಕಾರ ಆ ಇಡೀ ವರದಿಯಲ್ಲಿ ನಮಗೆ ಉಪಯೋಗಕ್ಕೆ ಬರುವ ಸಾಲು ಅದೊಂದೇ. ಬಾಯ್ಲರ್ ಬದಲಾಯಿಸಲು ಬೇಕಾದ್ದು ಕೈಯಲ್ಲಿ ಕಾಸು, ಅದು ಖರೀದಿದಾರರ ಖಾತೆಯಲ್ಲಿ ಕೂತಿರುತ್ತದೆ. ನಮ್ಮ ಕಡೆ ಬರುವುದು ಪ್ರಶ್ನಾವಳಿ ಮಾತ್ರ.

ಪ್ರಶ್ನೆ ಕೇಳುವ ಕಂಪನಿಯೇ ಒಂದು ನಿಧಿಗೆ ದುಡ್ಡು ಹಾಕಲಿ. ಅಳೆಯುವವರನ್ನು ಮಾಲಿನ್ಯ ಮಂಡಳಿ ಚೀಟಿ ಎತ್ತಿ ಕಳಿಸಲಿ. ಇಂಗಾಲಕ್ಕಿಂತ ಮೊದಲು ಚಿಮಣಿಯ ಹೊಗೆ ಅಳೆಯಲಿ. ಅಷ್ಟಾದರೆ ಫ್ಯಾಕ್ಟರಿಯ ಗೇಟು ನಾನೇ ತೆಗೆದು ಕೊಡುತ್ತೇನೆ. ಈಗ ಇರುವ ಹಾಗೆ ಕಡ್ಡಾಯ ಅಂದರೆ ನನ್ನ ವೋಟು ಬೇಡ ಅಂತಲೇ.